ವಿಮಾನ ಬಂತು, ಸಂಜೆ ಬಸ್ಸೆಲ್ಲಿ?

ಬೆಂಗಳೂರಲ್ಲಿರೋ ಬೀದರಿನವರದ್ದೊಂದು ವಾಟ್ಸಾಪ್ ಗ್ರೂಪಿದೆ. ನಾನೂ ಅದರಲ್ಲಿದ್ದೀನಿ. ಅಲ್ಲಿ ಆಗಾಗ ಒಂದು ಹಬ್ಬ ಆಗುತ್ತೆ, ಬೀದರ್–ಬೆಂಗಳೂರು ವಿಮಾನದ ಹಬ್ಬ. 2020ರ ಫೆಬ್ರವರಿಯಲ್ಲಿ ಮೊದಲು ಹಾರಿತು. ನಿಂತಿತು. ಶುರುವಾಯ್ತು. ಮತ್ತೆ ನಿಂತಿತು. 2025ರಲ್ಲಿ ಮತ್ತೆ ಶುರುವಾಯ್ತು. ಪ್ರತಿ ಸಲವೂ ಅದೇ ವಿಮಾನದ ಫೋಟೊ, ಅದೇ ಚಪ್ಪಾಳೆ, "ಈಗ ನೋಡ್ರಿ ನಮ್ಮ ಬೀದರ್ ಡೆವಲಪ್ ಆಯ್ತು" ಅನ್ನೋ ಅದೇ ಮಾತು. ಮೊದಲ ಸಲ ನಾನೂ ಚಪ್ಪಾಳೆ ಹೊಡೆದವನೇ. ಹಾಗಾಗಿ ಕೆಳಗಿನ ಬೈಗುಳದಲ್ಲಿ ಒಂದು ಪಾಲು ನನಗೂ ಸೇರಲಿ.

ನಮ್ಮೂರು ಔರಾದ್ ತಾಲ್ಲೂಕಿನಲ್ಲಿ, ಮೇನ್ ರೋಡಿನಿಂದ ಐದು ಕಿಲೋಮೀಟರ್ ಒಳಗೆ. ನಮ್ಮಕ್ಕನ ಮಗಳು ಹತ್ತನೇ ಕ್ಲಾಸಲ್ಲಿ ಒಳ್ಳೇ ಮಾರ್ಕ್ಸ್ ತೆಗೆದು ಬೀದರಿನಲ್ಲಿ ಪಿಯುಸಿ ಸೈನ್ಸ್ ಸೇರಿದಳು. ಲ್ಯಾಬ್ ಮುಗಿಯೋದು ಐದಕ್ಕೆ. ನಮ್ಮೂರೊಳಗೆ ಹೋಗೋ ಕೊನೇ ಬಸ್ಸು ಬಿಡೋದು ನಾಲ್ಕೂವರೆಗೆ. ಆಮೇಲಿನ ಬಸ್ಸು ಹಿಡಿದರೆ ಕ್ರಾಸಲ್ಲಿ ಇಳಿಸುತ್ತೆ, ಚಳಿಗಾಲದಲ್ಲಿ ಅಷ್ಟೊತ್ತಿಗೆ ಕತ್ತಲಾಗಿರುತ್ತೆ. ಭಾವ ಬೈಕ್ ತಗೊಂಡು ಕ್ರಾಸಲ್ಲಿ ನಿಲ್ತಿದ್ದರು. ತೊಗರಿ ರಾಶಿ ಶುರುವಾದ ಮೇಲೆ ಅವರಿಗೂ ಆಗಲಿಲ್ಲ. ಹಾಸ್ಟೆಲ್ ಸೀಟು ಸಿಕ್ಕಿರಲಿಲ್ಲ. ಮೊದಲು ಲ್ಯಾಬ್ ತಪ್ಪಿಸಿದಳು, ಆಮೇಲೆ ಮಧ್ಯಾಹ್ನದ ಕ್ಲಾಸೂ ಬಿಟ್ಟಳು. ಮುಂದಿನ ವರ್ಷ ಔರಾದಿನಲ್ಲಿ ಆರ್ಟ್ಸಿಗೆ ಮೊದಲಿಂದ ಸೇರಿಕೊಂಡಳು.

"ಆರ್ಟ್ಸಿಗೆ ಲ್ಯಾಬ್ ಇರಲ್ಲಲ್ಲ ಮಾಮಾ, ಬಸ್ ಸಿಗ್ತದ" ಅಂದಳು ಫೋನಲ್ಲಿ. ಆರ್ಟ್ಸ್ ಓದೋದು ಕಮ್ಮಿ ಅಂತ ನಾನು ಹೇಳ್ತಾ ಇಲ್ಲ. ಆದರೆ ಹುಡುಗಿ ಏನು ಓದಬೇಕು ಅನ್ನೋದನ್ನ ಬಸ್ಸಿನ ಟೈಮು ತೀರ್ಮಾನ ಮಾಡಿತು ನೋಡಿ, ಅದಕ್ಕೆ ಹೊಟ್ಟೆ ಉರಿಯೋದು.

ಟಿಕೆಟ್ ಅವಳಿಗೆ ಫ್ರೀ ಇತ್ತು. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಗೆ ನಾನು ವಿರೋಧಿಯಲ್ಲ. ನಮ್ಮವ್ವ ಯಾರ ಹತ್ತಿರಾನೂ ದುಡ್ಡು ಕೇಳದೆ ತವರಿಗೆ ಹೋಗಿಬಂದಿದ್ದು ಅದರಿಂದಲೇ. ಆದರೆ ಇಲ್ಲದ ಬಸ್ಸಿನ ಟಿಕೆಟ್ ಫ್ರೀ ಆದರೇನು, ನೂರು ರೂಪಾಯಿ ಆದರೇನು?

ನಮ್ಮನ್ನ ಎಲ್ಲರೂ "ಕರ್ನಾಟಕದ ಕಿರೀಟ" ಅಂತಾರೆ. ಗೋಡೆಗೆ ಹಾಕಿದ ನಕ್ಷೆ ನೋಡಿದರೆ ಹೌದು. ನೆಲದ ಮೇಲೆ ನಿಂತು ನೋಡಿದರೆ ನಾವು ಯಾರ ತಲೆಯ ಮೇಲೂ ಇಲ್ಲ, ಒಂದು ಕಣಿವೆಯಲ್ಲಿದ್ದೀವಿ. ಬೀದರ್ ಪಟ್ಟಣ ಕೆಂಪು ಕಲ್ಲಿನ ದಿಬ್ಬದ ಮೇಲಿದೆ. ಇಳಿದರೆ ಎರೆಭೂಮಿ, ಆಮೇಲೆ ಮಂಜ್ರಾ. ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡದಲ್ಲಿ ಹುಟ್ಟಿ, ನಮ್ಮಲ್ಲಿ ಹಾದು, ತೆಲಂಗಾಣದಲ್ಲಿ ಉತ್ತರಕ್ಕೆ ತಿರುಗಿ ಗೋದಾವರಿ ಸೇರೋ ನದಿ. ರಾಜ್ಯವೆಲ್ಲ ಕೃಷ್ಣಾ, ಕಾವೇರಿ ಅಂತ ಜಗಳ ಆಡುವಾಗ ನಮ್ಮ ನೀರು ಸುಮ್ಮನೆ ಬೇರೆ ಕಡೆ ಹೋಗ್ತಾ ಇರುತ್ತೆ. ಭಾಲ್ಕಿ, ಬೀದರ್ ನದಿಯ ಈಚೆಗೆ, ಔರಾದ್ ಆಚೆಗೆ. ಕೌಠಾ ಹತ್ತಿರ ಸೇತುವೆ ದಾಟಿದ ಮೇಲೆ ಸಂತಪುರ, ಅಲ್ಲಿಂದ ಔರಾದ್.

1956ರ ತನಕ ಉದಗೀರ್, ನಿಲಂಗಾ, ಜಹೀರಾಬಾದ್, ನಾರಾಯಣಖೇಡ ಎಲ್ಲ ಬೀದರ್ ಜಿಲ್ಲೆಯವೇ. ನವೆಂಬರ್ 1ಕ್ಕೆ ಭಾಷೆ ನೋಡಿ ಮೂರು ರಾಜ್ಯಕ್ಕೆ ಹಂಚಿದರು. ಸರಿ, ಅದು ಆಗಬೇಕಾಗಿತ್ತು, ಆಯ್ತು. ಆದರೆ ಹೆಣ್ಣು ಕೊಟ್ಟು ತಂದ ಸಂಬಂಧ, ಎತ್ತಿನ ಸಂತೆ, ಡಾಕ್ಟರು, ಇವೆಲ್ಲ ಗೆರೆ ನೋಡಿ ಹಂಚಿಹೋಗಲಿಲ್ಲ. ಭಾಲ್ಕಿಯವರಿಗೆ ಉದಗೀರ್ ಬೇಕು, ಔರಾದಿನವರಿಗೆ ದೇಗಲೂರು ಬೇಕು, ಎಲ್ಲರಿಗೂ ಹೈದರಾಬಾದ್ ಬೇಕು. ನಮ್ಮವ್ವ ಒಂದೇ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಕನ್ನಡ, ಪಕ್ಕದ ಸೀಟಿನವಳ ಹತ್ತಿರ ಮರಾಠಿ, ಹಣ್ಣು ಮಾರೋನ ಹತ್ತಿರ ದಖನಿ ಮಾತಾಡ್ತಾಳೆ. ಜನ ಅಡ್ಡಡ್ಡ ಓಡಾಡ್ತಾರೆ. ನಾವು ಕೇಳೋ ಸವಲತ್ತೆಲ್ಲ ಉದ್ದುದ್ದ, ಬೆಂಗಳೂರಿಗೆ ಮುಖ ಮಾಡಿ.

ಅದೂ ಎಂಥ ಉದ್ದ! ಬೆಂಗಳೂರು–ನಾಂದೇಡ್ ರೈಲು ಹತ್ತಿದರೆ ಆಂಧ್ರಕ್ಕೆ ಹೋಗಿ, ರಾಯಚೂರಿನಲ್ಲಿ ಕರ್ನಾಟಕಕ್ಕೆ ಬಂದು, ಕೃಷ್ಣಾ ಸ್ಟೇಷನ್ನಿನಲ್ಲಿ ತೆಲಂಗಾಣ ಮುಟ್ಟಿ, ಯಾದಗಿರಿಯಲ್ಲಿ ಮತ್ತೆ ಕರ್ನಾಟಕ ಸೇರಿ, ತಾಂಡೂರಿನಲ್ಲಿ ಮತ್ತೆ ಹೊರಬಿದ್ದು, ವಿಕಾರಾಬಾದ್, ಜಹೀರಾಬಾದ್ ಸುತ್ತಿ ಬೀದರ್. ಬೀದರ್–ಕಲಬುರಗಿ ಮಧ್ಯೆ ನೆಟ್ಟಗೆ ಹೋಗೋ ಸುಮಾರು 110 ಕಿಲೋಮೀಟರ್ ಹಳಿ 90ರ ದಶಕದಲ್ಲಿ ಮಂಜೂರಾಗಿ ಪೂರ್ತಿಯಾಗಿದ್ದು 2017ರ ಅಕ್ಟೋಬರಿನಲ್ಲಿ. ಭಾಲ್ಕಿಗೆ ನಿಜಾಮನ ಕಾಲದ ಹಳಿ ಇದೆ. ಔರಾದಿಗೆ ಇವತ್ತಿಗೂ ಸ್ಟೇಷನ್ ಇಲ್ಲ.

ಹೊಸ ಹಳಿ ಬರೋವಾಗ ಬರಲಿ. ಇರೋ ರೈಲಿಗೆ ಇರೋ ಬಸ್ಸು ಯಾಕೆ ಸಿಗಲ್ಲ? ಒಂದು ಸಲ ಜಿಲ್ಲೆಯ ಒಂದು ಸ್ಟೇಷನ್ನಿನಲ್ಲಿ ಇಳಿದೆ. ನನಗೆ ಬೇಕಾದ ಬಸ್ಸು ಹತ್ತು ನಿಮಿಷದ ಹಿಂದೆ ಹೋಗಿತ್ತು, ಮುಂದಿನದಕ್ಕೆ ಎರಡು ಗಂಟೆ. ರೈಲು ಬರೋ ತನಕ ನಿಲ್ಲಿಸೋಕಾಗಲ್ವಾ ಅಂತ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ. ಕಿಟಕಿಯೊಳಗಿದ್ದವರು ಪಾಪ ಸಿಟ್ಟಾಗಲಿಲ್ಲ. "ರೈಲು ಅವರದ್ರೀ, ಬಸ್ ನಮ್ದು. ಅದಕ್ಕೂ ಇದಕ್ಕೂ ಏನ್ ಸಂಬಂಧ?" ಅಂದರು. ಆಫೀಸಲ್ಲಿ ಎರಡು ಸಿಸ್ಟಮ್ ಒಂದಕ್ಕೊಂದು ಮಾತಾಡದೇ ಹೋದರೆ ರಾತ್ರಿ ಹನ್ನೊಂದಕ್ಕೆ ಕಾಲ್ ಇಟ್ಟು ಜನರ ನಿದ್ದೆ ಕೆಡಿಸ್ತೀವಿ. ಊರಲ್ಲಿ ಅದೇ ಆದರೆ "ನಮ್ಮ ಕಡೆ ಹಂಗೇ" ಅಂತ ಟಂಟಂ ಹತ್ತುತ್ತೀವಿ.

ಪ್ರಾಜೆಕ್ಟ್ ಕೆಲಸಕ್ಕೆ ಮೂರು ತಿಂಗಳು ಜೂರಿಕ್‌ನಲ್ಲಿದ್ದೆ. ಒಂದು ವಾರಾಂತ್ಯ ಗ್ರೌಬುಂಡನ್ ಅನ್ನೋ ಆಲ್ಪ್ಸ್ ಸೀಮೆಗೆ ಹೋಗಿದ್ದೆ. ಕಣಿವೆ ಮೇಲೆ ಕಣಿವೆ. ಜರ್ಮನ್, ಇಟಾಲಿಯನ್, ರೋಮಾನ್ಶ್ ಅಂತ ಮೂರು ಭಾಷೆ. ಮೂರು ಭಾಷೆ ಅಂದಾಗ ಊರಿನ ನೆನಪಾಯ್ತು. ಬೀದರ್ ಜಿಲ್ಲೆಗಿಂತ ದೊಡ್ಡ ಜಾಗ, ಜನ ಎರಡು ಲಕ್ಷದ ಆಸುಪಾಸು. ನಮ್ಮಲ್ಲಿ 2011ರ ಜನಗಣತಿಯಲ್ಲೇ 17 ಲಕ್ಷ. ಅಷ್ಟು ಕಮ್ಮಿ ಜನಕ್ಕೆ, ರೈಲು ಬಂದು ನಿಂತರೆ ಹಳದಿ ಪೋಸ್ಟ್ ಬಸ್ಸು ಹೊರಗೆ ಕಾಯ್ತಾ ಇರುತ್ತೆ. ಸೇಂಟ್ ಮಾರಿಟ್ಜ್‌ನಿಂದ ಹೊರಟ ಕೆಂಪು ರೈಲು 2,200 ಮೀಟರಿಗಿಂತ ಎತ್ತರದ ಬೆಟ್ಟ ದಾಟಿ ಇಟಲಿಯ ತಿರಾನೊದಲ್ಲಿ ನಿಲ್ಲುತ್ತೆ. ಅದು ದೇಶದ ಗಡಿ ಸ್ವಾಮಿ, ತಾಲ್ಲೂಕಿನದ್ದಲ್ಲ. ಇಡೀ ದೇಶದ ರೈಲು-ಬಸ್ಸಿನ ವೇಳಾಪಟ್ಟಿಯನ್ನ ಒಂದಕ್ಕೊಂದು ಹೊಂದಿಸೋ ಕೆಲಸ ಅಲ್ಲಿ 1982ರಲ್ಲಿ ಶುರುವಾಯ್ತಂತೆ.

"ಅವರ ಹತ್ತಿರ ದುಡ್ಡಿದೆ" ಅಂತೀರಿ. ಸುರಂಗ ಕೊರೆಯೋಕೆ ದುಡ್ಡು ಬೇಕು, ಒಪ್ಪಿದೆ. ನಾಲ್ಕೂವರೆ ಬಸ್ಸನ್ನ ಐದೂಕಾಲಿಗೆ ಬಿಡೋಕೆ ಎಷ್ಟು ಬೇಕು? ಇನ್ನೊಂದು ಮಾತು. 1932ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು ಶುರುವಾದಾಗ ಅದು ರೈಲ್ವೆಯ ಒಂದು ವಿಭಾಗವೇ ಆಗಿತ್ತು. ಇದ್ದದ್ದು 27 ಬಸ್ಸು. ರೈಲಿಗೂ ಬಸ್ಸಿಗೂ ಒಬ್ಬನೇ ಯಜಮಾನ. ನಿಜಾಮನ ಆಳ್ವಿಕೆಯನ್ನ ಹೊಗಳೋಕೆ ನನಗೇನೂ ಹುಚ್ಚಿಲ್ಲ. ಅದೇ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಬೇಕಾಯ್ತು. ಆದರೂ 27 ಬಸ್ಸಿಟ್ಟುಕೊಂಡು ಹೊಳೆದ ವಿಷಯ ಈಗ ಹೊಳೆಯಲ್ಲ ಅಂದರೆ ಏನನ್ನಬೇಕು?

ಪ್ಯಾಸೆಂಜರ್ ಇಲ್ಲ, ಲಾಸ್ ಆಗುತ್ತೆ ಅನ್ನೋದು ಎರಡನೇ ವಾದ. ಸಂಜೆ ಆರಕ್ಕೆ ಬೀದರಿನಲ್ಲಿ ಔರಾದ್ ಕಡೆ ಹೊರಟ ಕ್ರೂಸರ್ ಒಂದನ್ನ ನೋಡಿ ಬನ್ನಿ. ಹಿಂದಿನ ಬಾಗಿಲಿಗೆ ಜೋತುಬಿದ್ದವರು ಪ್ಯಾಸೆಂಜರ್ ಅಲ್ಲದೆ ಇನ್ಯಾರು? ವಿಮಾನದ ಸೀಟು ತುಂಬದಿದ್ದರೆ ಆ ನಷ್ಟ ತುಂಬಿಕೊಡೋಕೆ ಉಡಾನ್ ಯೋಜನೆಯಲ್ಲಿ ದಾರಿ ಇದೆ. ಅದನ್ನ ನಾವು ಅಭಿವೃದ್ಧಿ ಅಂತೀವಿ. ಹಳ್ಳಿ ಬಸ್ಸಿನ ನಷ್ಟ ಮಾತ್ರ ಬರೀ ನಷ್ಟ.

ವಿಮಾನ ಬೇಡ ಅಂತಲ್ಲ. ಅಪ್ಪನಿಗೆ ಹುಷಾರಿಲ್ಲದಾಗ ಅದೇ ವಿಮಾನ ಹಿಡಿದು ಹೋಗಿದ್ದೆ, ಮಧ್ಯಾಹ್ನದೊಳಗೆ ಬೀದರಿನಲ್ಲಿದ್ದೆ. ಅಲ್ಲಿಂದ ನಮ್ಮೂರು ಮುಟ್ಟೋ ಹೊತ್ತಿಗೆ ಕತ್ತಲಾಗಿತ್ತು.

ಹೋದ ತಿಂಗಳು ಗ್ರೂಪಿನಲ್ಲಿ ಒಂದು ಅರ್ಜಿ ಹಾಕಿದೆ. ಕೇಳಿದ್ದು ಇಷ್ಟೇ: ಕಾಲೇಜು ಬಿಟ್ಟ ಮೇಲೆ ಊರೊಳಗೆ ಹೋಗೋ ಒಂದು ಬಸ್ಸು, ರೈಲು ಬಂದ ಮೇಲೆ ಬಿಡೋ ಒಂದು ಬಸ್ಸು, ಉದಗೀರ್, ದೇಗಲೂರಿಗೆ ಇನ್ನಷ್ಟು ಬಸ್ಸು, ಮತ್ತೆ ಟೈಮಿನ ಬೋರ್ಡು ಕನ್ನಡದ ಜೊತೆ ಮರಾಠಿಯಲ್ಲೂ ಉರ್ದುವಿನಲ್ಲೂ. ಮೂರು ಜನ ಥಂಬ್ಸ್ ಅಪ್ ಹಾಕಿದರು. ಒಬ್ಬರು, "ಮರಾಠಿ ಬೋರ್ಡ್ ಯಾಕಣ್ಣ?" ಅಂತ ಜಗಳ ತೆಗೆದರು, ಅದೇ ರಾತ್ರಿ ಎರಡರ ತನಕ ನಡೀತು. ಬೆಳಿಗ್ಗೆ ಯಾರೋ ವಿಮಾನದ ಹೊಸ ಟೈಮಿಂಗ್ ಹಾಕಿದರು. ಗ್ರೂಪಿನಲ್ಲಿ 240 ಜನ ಇದ್ದೀವಿ. ಅರ್ಜಿಗೆ ಇವತ್ತಿಗೆ 11 ಸಹಿ ಬಿದ್ದಿವೆ.