ಕೀಲಿಗೂ ಬೇಕು ಕಲಾಯಿ



ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವುದು ಹುಳಿ ತಾಗಿ ಕಿಲುಬೇಳದಿರಲೆಂದು. ಸೊಂಟದ ಕೃತಕ ಕೀಲಿಗೂ ಲೇಪನ ಬೇಕು, ಅದು ಸವೆಯದಿರಲೆಂದು. ಚೆನ್ನಾಗಿ ನಡೆದಾಡುವವರ ಒಂದೊಂದು ಕಾಲೂ ವರ್ಷಕ್ಕೆ ಸುಮಾರು 10 ಲಕ್ಷ ಹೆಜ್ಜೆ ಇಡುತ್ತದಂತೆ. ಅಷ್ಟು ಸಲವೂ ತೊಡೆಮೂಳೆಯ ತುದಿಯ ಗುಂಡು ಸೊಂಟದ ಬಟ್ಟಲಿನಲ್ಲಿ ಉಜ್ಜುತ್ತದೆ.

ಇಂಗ್ಲೆಂಡಿನ ಡಾ. ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಬಟ್ಟಲು ಬಳಸಿದರು. ಹೌದು, ನಮ್ಮ ನಾನ್‌ಸ್ಟಿಕ್ ತವಾದ ಟೆಫ್ಲಾನೇ! ಕೆಲವೇ ವರ್ಷಗಳಲ್ಲಿ ಅದು ಸವೆದುಹೋಯಿತು. 1962ರಲ್ಲಿ ಅವರು ಗಟ್ಟಿ ಪಾಲಿಥೀನ್ ಬಟ್ಟಲಿಗೆ ಬದಲಾಯಿಸಿದರು. ಅದು ಬಾಳಿಕೆ ಬಂತು. ಆದರೆ ಅದರಿಂದಲೂ ಸಣ್ಣ ಪುಡಿ ಉದುರುತ್ತದೆ. ಆ ಪುಡಿಯ ಮೇಲೆ ನಮ್ಮ ದೇಹ ಯುದ್ಧ ಹೂಡುತ್ತದೆ. ಆ ಗಲಾಟೆಯಲ್ಲಿ ಸುತ್ತಲಿನ ಮೂಳೆ ಕರಗಿ ಕೀಲು ಸಡಿಲವಾಗುತ್ತದೆ.

ಆದ್ದರಿಂದ ಗುಂಡನ್ನೇ ನುಣುಪಾಗಿಸುವ ಲೇಪನಗಳು ಬಂದವು. 1990ರ ದಶಕದಲ್ಲಿ ಯೂರೋಪಿನಲ್ಲಿ ವಜ್ರದಂಥ ಗಟ್ಟಿ ಇಂಗಾಲದ ಲೇಪನ ಹಾಕಿ ನೋಡಿದರು. ಅದು ಚಕ್ಕೆಚಕ್ಕೆಯಾಗಿ ಎದ್ದು, ಅನೇಕರಿಗೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ನವಸಾಗರ ಹಾಕಿ ಸರಿಯಾಗಿ ಉಜ್ಜದ ಪಾತ್ರೆಯ ಮೇಲೆ ಕಲಾಯಿ ನಿಂತೀತೆ? ಗಟ್ಟಿತನವೊಂದೇ ಸಾಲದು, ಹಿಡಿತವೂ ಬೇಕು. ಜಿರ್ಕೋನಿಯಂ ಗುಂಡಿನ ಉಪಾಯ ಬೇರೆ. ಗಾಳಿಯಲ್ಲಿ ಕಾಯಿಸಿದರೆ ಅದರ ಮೇಲ್ಮೈಯೇ ಸುಮಾರು 5 ಮೈಕ್ರಾನ್ ದಪ್ಪದ ಪಿಂಗಾಣಿಯಾಗುತ್ತದೆ. ಹೊರಗಿನಿಂದ ಬಳಿದದ್ದಲ್ಲವಾದ್ದರಿಂದ ಅಷ್ಟು ಸುಲಭವಾಗಿ ಏಳುವುದಿಲ್ಲ.

ಸವೆತ ಎಂಥ ಅನಾಹುತ ಮಾಡೀತೆಂದು ನಮ್ಮ ದೇಶವೂ ಕಂಡಿದೆ. ಲೋಹದ ಗುಂಡು ಲೋಹದ ಬಟ್ಟಲಿನಲ್ಲೇ ಉಜ್ಜುತ್ತಿದ್ದ ಡಿಪ್ಯೂ ಕಂಪನಿಯ ಎಎಸ್‌ಆರ್ ಕೀಲನ್ನು 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಕೋಬಾಲ್ಟ್, ಕ್ರೋಮಿಯಂ ರೋಗಿಗಳ ರಕ್ತಕ್ಕೆ ಸೇರಿತ್ತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಾಗಿದ್ದವು. 2018ರಲ್ಲಿ ಕೇಂದ್ರ ಸರ್ಕಾರ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರ ಗೊತ್ತುಮಾಡಿತು. ಆದರೆ ಸಾವಿರಾರು ರೋಗಿಗಳ ಪತ್ತೆಯೇ ಇರಲಿಲ್ಲ. ಯಾರಿಗೆಂದು ಕೊಡುವುದು?

ಶಸ್ತ್ರಚಿಕಿತ್ಸೆಗೆಂದು ಊರಿನಿಂದಲೂ ನೆಂಟರು ನಮ್ಮ ಚೆನ್ನೈಗೆ ಬರುತ್ತಾರೆ. ಅವರಿಗೂ ಹೇಳಿ: ಗುಂಡು ಯಾವುದರದು, ಬಟ್ಟಲು ಯಾವುದರದು, ಎಷ್ಟು ವರ್ಷಗಳಿಂದ ಬಳಕೆಯಲ್ಲಿದೆ ಎಂದು ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಬೇಕು. ಹೊಸದೆಲ್ಲ ಒಳ್ಳೆಯದೆಂದೇನಿಲ್ಲ. ಮನೆಗೆ ಹೊರಡುವ ಮುನ್ನ ಕೀಲಿನ ಹೆಸರು, ನಂಬರು ಇರುವ ಸ್ಟಿಕ್ಕರಿನ ಪ್ರತಿ ಕೇಳಿ ಪಡೆದು, ಮನೆಪತ್ರದ ಜೊತೆಗೇ ಜೋಪಾನವಾಗಿಡಿ. ವಿಳಾಸ ಬದಲಾದರೆ ಆಸ್ಪತ್ರೆಗೂ ತಿಳಿಸಿ.