ಜಾಮೂನಿನ ಕಾಸ್ಟ್ ಶೀಟು

"ಬೇಕರಿ ಜಾಮೂನು ದುಬಾರಿ ಕಣೋ, ಮನೇಲಿ ಮಾಡಿದ್ರೆ ಅರ್ಧ ರೇಟಲ್ಲಿ ಮುಗಿಯುತ್ತೆ." ಹಬ್ಬ ಹತ್ರ ಬಂದ್ರೆ ಎಲ್ಲರ ಬಾಯಲ್ಲೂ ಇದೇ ಮಾತು. ಬೇರೆಯವರು ಹೇಳಲಿ, ಬಿಕಾಂ ಓದೋ ನಾವು ಈ ಲೆಕ್ಕ ಒಪ್ಪಬಾರದು ಅನ್ನೋದು ನನ್ನ ವಾದ. ಸ್ವಲ್ಪ ಉದ್ದ ಇದೆ, ಕಾಮೆಂಟಲ್ಲೂ ಮುಂದುವರಿಯುತ್ತೆ.

ಪ್ರೈಮ್ ಕಾಸ್ಟ್ ಅಂದ್ರೇನು? ನೇರ ಸಾಮಗ್ರಿ, ನೇರ ಕೂಲಿ, ನೇರ ಖರ್ಚು. ಮನೆ ಜಾಮೂನಿಗೆ ನಾವು ಬರೆಯೋದು ಒಂದು ಪ್ಯಾಕೆಟ್ ಮಿಕ್ಸ್, ಸಕ್ಕರೆ, ಎಣ್ಣೆ, ನಾಲ್ಕು ಏಲಕ್ಕಿ. ಕೂಲಿ ಕಾಲಂ ಖಾಲಿ. ಯಾಕಂದ್ರೆ ಆ ಕೂಲಿ ಅಮ್ಮನದು. ಸ್ವಂತ ಕಟ್ಟಡದಲ್ಲಿ ಅಂಗಡಿ ಇಟ್ಟವನ ಬಾಡಿಗೆಯನ್ನೂ ನೋಶನಲ್ ಕಾಸ್ಟ್ ಅಂತ ಹಿಡಿಯೋಕೆ ಕಲಿತಿದೀವಿ. ಗೋಡೆಗೆ ಲೆಕ್ಕ ಉಂಟು, ಅಮ್ಮನಿಗಿಲ್ಲ.

ಕೆಲಸ ಎಷ್ಟಿದೆ ನೋಡಿ. ಹಿಟ್ಟನ್ನ ಚಪಾತಿಗೆ ನಾದಿದ ಹಾಗೆ ನಾದಂಗಿಲ್ಲ, ಜಾಮೂನು ಗಟ್ಟಿಯಾಗುತ್ತೆ. ಮೆತ್ತಗೆ ಕಲಸಿ ಮುಚ್ಚಿಡಬೇಕು. ಉಂಡೆ ಮೇಲೆ ಒಂದು ಗೆರೆಯಷ್ಟು ಬಿರುಕಿದ್ರೂ ಎಣ್ಣೆಯಲ್ಲಿ ಒಡೆಯುತ್ತೆ, ಹಾಗಾಗಿ ಒಂದೊಂದನ್ನೂ ಕೈಗೆ ತುಪ್ಪ ಸವರಿಕೊಂಡು ಉರುಟಬೇಕು. ಉರಿ ಜೋರಾದ್ರೆ ಮೇಲೆ ಕಪ್ಪು, ಒಳಗೆ ಹಸಿ ಹಿಟ್ಟು. ಸಣ್ಣ ಉರಿಯಲ್ಲಿ, ತಿರುಗಿಸ್ತಾನೇ ಇರಬೇಕು. ಮೊಬೈಲ್ ನೋಡ್ತಾ ಮಾಡೋ ಕೆಲಸ ಅಲ್ಲ ಗುರು.

ಪಾಕದ್ದು ಇನ್ನೊಂದು ಕಥೆ. ಮೈಸೂರ್ ಪಾಕಿಗೆ ಬೇಕಾದ ಎಳೆ ಪಾಕ ಇದಕ್ಕೆ ಬೇಡ; ಬೆರಳಿಗೆ ಅಂಟಂಟು ಅನ್ನಿಸಿದ್ರೆ ಸಾಕು. ಎಳೆ ಬಂತು ಅಂದ್ರೆ ಪಾಕ ದಪ್ಪ ಆಗಿ ಒಳಗೆ ಇಳಿಯಲ್ಲ. ಎರಡು ಹನಿ ನಿಂಬೆ ರಸ ಹಿಂಡಿದ್ರೆ ಸಕ್ಕರೆ ಮತ್ತೆ ಹರಳುಗಟ್ಟಲ್ಲ. ಪಾಕ ಬೆಚ್ಚಗಿರೋವಾಗಲೇ ಉಂಡೆ ಬಿಡಬೇಕು. ಇಷ್ಟೆಲ್ಲಾ ತಿಳಿದವರನ್ನ ಬೇಕರಿಯವರು ಸ್ವೀಟ್ ಮಾಸ್ಟರ್ ಅಂತ ಕರೆದು ಸಂಬಳ ಕೊಡ್ತಾರೆ.

ನಮ್ಮ ಹಾಸನದಲ್ಲಿ ಇದು ಇನ್ನೂ ಜೋರು. ಆಶ್ವಯುಜದಲ್ಲಿ ಹಾಸನಾಂಬೆ ಬಾಗಿಲು ತೆಗೆದ್ರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಾ ಕಡೆಯಿಂದ ನೆಂಟರು ಬರ್ತಾರೆ. ದರ್ಶನದ ಕ್ಯೂ ಮುಗಿಸಿ ಬಂದವರಿಗೆ ಊಟ, ಊಟದ ಜೊತೆ ಜಾಮೂನು. ಒಂದು ಪ್ಯಾಕೆಟ್ ಎಲ್ಲಿ ಸಾಲುತ್ತೆ? ಬೆನ್ನಲ್ಲೇ ದೀಪಾವಳಿ. ಊರೆಲ್ಲಾ ದೇವಿಯ ಮುಂದೆ ಕ್ಯೂ ನಿಂತಿದ್ರೆ, ಮನೆ ದೇವಿ ಒಲೆ ಮುಂದೆ ನಿಂತಿರ್ತಾಳೆ.

ಇದು ನಮ್ಮನೆ ಕಥೆ ಮಾತ್ರ ಅಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಕೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡ್ತಾರೆ. ಮಾಡೋ ಗಂಡಸರು 88 ನಿಮಿಷ. "ಮಾಡೋ" ಅನ್ನೋ ಪದ ಗಮನಿಸಿ, ಏನೂ ಮಾಡದೇ ಇರೋರು ಈ ಲೆಕ್ಕದಲ್ಲೇ ಇಲ್ಲ.

"ಅಮ್ಮನ ಪ್ರೀತಿಗೂ ರೇಟ್ ಕಟ್ತೀಯಾ?" ಅಂತ ಕೆಲವರು ಬರ್ತೀರ, ಗೊತ್ತು. ಪ್ರೀತಿಗಲ್ಲಪ್ಪಾ, ಮೂರು ಗಂಟೆ ನಿಂತ ಕಾಲಿಗೆ. ಮನೆ ಜಾಮೂನು ಬೇಡ ಅಂತಾನೂ ನಾನು ಹೇಳ್ತಿಲ್ಲ. ಬಿಸಿ ಬಿಸಿ, ನಡುವೆ ಗಂಟಿಲ್ಲದ ಮನೆ ಜಾಮೂನಿನ ಮುಂದೆ ಬೇಕರಿಯದು ನನಗೆ ಲೆಕ್ಕಕ್ಕಿಲ್ಲ. ಆದ್ರೆ ಅದು "ಚೀಪು" ಅನ್ನೋ ಕಾರಣಕ್ಕೆ ಬೇಕು ಅನ್ನೋರು ಈ ಸಲ ಉಂಡೆ ಕಟ್ಟೋಕೆ ಕೂರಿ. ಕರಿಯೋದು ಕಷ್ಟ ಅನ್ಸಿದ್ರೆ ಪಾಕ ನೋಡ್ಕೊಳ್ಳಿ, ಕೊನೆಗೆ ಎಣ್ಣೆ ಬಾಣಲೆನಾದ್ರೂ ತೊಳೀರಿ.

ನಿಮ್ಮನೇಲಿ ಉಂಡೆ ಕಟ್ಟೋರು ಯಾರು? ಕಾಮೆಂಟ್ ಹಾಕಿ. ಹುಡುಗ್ರು ಸುಳ್ಳು ಹೇಳಬೇಡಿ, ನಿಮ್ಮ ತಂಗಿಯರೂ ಫಾಲೋ ಮಾಡ್ತಿದಾರೆ.