ಪೊರಕೆ ಕಲಿಸುವ ಪಾಠ

ಬೇಸಗೆಯ ರಜೆ ಬಂದಿತೆಂದರೆ ನಮ್ಮ ನಾಡಿನಲ್ಲಿ ಶಿಬಿರಗಳ ಸುಗ್ಗಿ. ನಾಟಕದ ಶಿಬಿರ, ಚಿತ್ರಕಲೆಯ ಶಿಬಿರ, ಈಜಿನ ಶಿಬಿರ, ಹೀಗೆ ಪಟ್ಟಿ ಬೆಳೆಯುತ್ತದೆ. ಕ್ರೈಸ್ತ ಸಭೆಗಳು ಮಕ್ಕಳಿಗಾಗಿಯೂ ತರುಣರಿಗಾಗಿಯೂ ನಡೆಸುವ ರಜಾ ಶಿಬಿರಗಳೂ ಈ ಸಾಲಿಗೆ ಸೇರಿದವು. ಅಲ್ಲಿಗೆ ಹೋಗುವವರಲ್ಲಿ ಎರಡು ಬಗೆ. ಉಪದೇಶವನ್ನು ಕೇಳಲು ಹೋಗುವವರು ಕೆಲವರು. ಕೇಳುವವರಿಗೆ ಅನ್ನ ಬೇಯಿಸಲು, ನೀರು ಹೊರಲು, ಅಂಗಳ ಗುಡಿಸಲು ಹೋಗುವವರು ಮತ್ತೆ ಕೆಲವರು. ಮೊದಲಿನವರು ಪಾಠವನ್ನು ಕೇಳಿ ಬರುತ್ತಾರೆ. ಎರಡನೆಯವರು ಕಲಿತು ಬರುತ್ತಾರೆ. ಇದು ಚಮತ್ಕಾರಕ್ಕಾಗಿ ಆಡಿದ ಮಾತಲ್ಲ, ಇದಕ್ಕೆ ಆಧಾರವುಂಟು.

ಇಂದಿನ ಉತ್ತರಾಖಂಡದ ನೈನಿತಾಲ್ ಜಿಲ್ಲೆಯಲ್ಲಿ, ಭೀಮತಾಲ್‌ಗೆ ಸಮೀಪದಲ್ಲಿ, ಸಾತ್‌ತಾಲ್ ಎಂಬ ಸ್ಥಳವಿದೆ. ಕಾಡಿನ ನಡುವೆ ಸರೋವರಗಳು ಒಂದಕ್ಕೊಂದು ಹತ್ತಿರವಾಗಿ ಹರಡಿಕೊಂಡಿರುವ ತಂಪಾದ ತಾಣ. 1930ರಲ್ಲಿ ಇ. ಸ್ಟ್ಯಾನ್ಲಿ ಜೋನ್ಸ್ ಎಂಬ ಅಮೆರಿಕದ ಮೆಥಡಿಸ್ಟ್ ಪಾದ್ರಿಯವರು ಸಂಗಡಿಗರೊಡನೆ ಕೂಡಿ ಇಲ್ಲಿ ಒಂದು ಕ್ರೈಸ್ತ ಆಶ್ರಮವನ್ನು ತೆರೆದರು. 1907ರಲ್ಲಿ ಭಾರತಕ್ಕೆ ಬಂದ ಜೋನ್ಸರು 1973ರಲ್ಲಿ ಬರೇಲಿಯಲ್ಲಿ ಕಣ್ಣು ಮುಚ್ಚುವವರೆಗೂ ಈ ದೇಶದ ನಂಟನ್ನು ಬಿಡಲಿಲ್ಲ. ಗಾಂಧೀಜಿಯವರ ಆಶ್ರಮವನ್ನೂ ರವೀಂದ್ರರ ಶಾಂತಿನಿಕೇತನವನ್ನೂ ಹತ್ತಿರದಿಂದ ಕಂಡಿದ್ದ ಅವರಿಗೆ, ಕ್ರಿಸ್ತನ ಸಂದೇಶವನ್ನು ಈ ನೆಲದ ಪಾತ್ರೆಯಲ್ಲಿಯೇ ಬಡಿಸಬೇಕೆಂದು ತೋರಿತು. ಬೇಸಗೆಯ ತಿಂಗಳುಗಳಲ್ಲಿ ನಾನಾ ಕಡೆಗಳಿಂದ ಬಂದವರು ಅಲ್ಲಿ ಒಂದೇ ಕುಟುಂಬದಂತೆ ಕೂಡಿ ಬಾಳುವ ಏರ್ಪಾಟು ಅದು. ಬಿರುದು ಬಾವಲಿಗಳನ್ನು ಬಾಗಿಲಲ್ಲಿಯೇ ಇಳಿಸಿ ಒಳಗೆ ಬರಬೇಕು. ಬಿಷಪ್ಪರಾಗಲಿ, ಪ್ರಾಧ್ಯಾಪಕರಾಗಲಿ, ಅಲ್ಲಿ ಬರಿಯ ಸಹೋದರ. ಆಶ್ರಮವನ್ನು ತೆರೆದ ಜೋನ್ಸರೂ ಸಹೋದರ ಸ್ಟ್ಯಾನ್ಲಿ, ಅಷ್ಟೆ.

ಬಿರುದನ್ನು ಇಳಿಸುವುದು ಕಷ್ಟವಲ್ಲ. ಅದು ನಾಲಗೆಯ ಕೆಲಸ. ಕಷ್ಟವಾದದ್ದು ಮುಂದೆ ಬರುತ್ತಿತ್ತು. ವಾರದಲ್ಲಿ ಒಂದು ದಿನ ಆಶ್ರಮದ ಆಳುಕಾಳುಗಳಿಗೆಲ್ಲ ರಜೆ. ಆ ದಿನ ಅವರ ಕೆಲಸವನ್ನು ಆಶ್ರಮವಾಸಿಗಳೇ ಹಂಚಿಕೊಂಡು ಮಾಡಬೇಕು. ಅಡಿಗೆಯವನ ಕೆಲಸಕ್ಕೆ, ನೀರಿನವನ ಕೆಲಸಕ್ಕೆ ಜನ ಸಂತೋಷದಿಂದಲೇ ಮುಂದೆ ಬರುತ್ತಿದ್ದರೆಂದು ಊಹಿಸಬಹುದು. ಆದರೆ ಜಾಡಮಾಲಿಯ ಕೆಲಸ? ನೀರು ಹಾಯಿಸಿ ತೊಳೆಯುವ ಕಕ್ಕಸುಗಳು ಅಲ್ಲಿಗಿನ್ನೂ ಬಂದಿರದ ಕಾಲ. ಹುಟ್ಟಿನಿಂದಲೇ ಒಂದು ಜಾತಿಯ ತಲೆಗೆ ಕಟ್ಟಿದ್ದ ಆ ಕೆಲಸವನ್ನು ಉಳಿದವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆಶ್ರಮದಲ್ಲಿ ಅದಕ್ಕೂ ಸ್ವಇಚ್ಛೆಯಿಂದ ಹೆಸರು ಕೊಡಬೇಕಾಗಿತ್ತು. ಬ್ರಾಹ್ಮಣ ಮನೆತನದಿಂದ ಕ್ರೈಸ್ತಮತಕ್ಕೆ ಬಂದಿದ್ದ ಒಬ್ಬರು ಹಿಂಜರಿಯುತ್ತಿದ್ದುದನ್ನು ಕಂಡು ಜೋನ್ಸರು, ತಮ್ಮ ಸರದಿ ಎಂದು ಎಂದು ವಿಚಾರಿಸಿದರು. ಅವರು ಮೆಲ್ಲನೆ ತಲೆಯಾಡಿಸಿ, ತಾವು ಪರಿವರ್ತನೆ ಹೊಂದಿರುವುದು ನಿಜವಾದರೂ ಅದಿನ್ನೂ ಅಷ್ಟು ದೂರ ಬಂದಿಲ್ಲವೆಂಬ ಅರ್ಥದ ಉತ್ತರ ಕೊಟ್ಟರಂತೆ.

ಈ ಉತ್ತರವನ್ನು ಕೇಳಿ ನಗುವುದು ಸುಲಭ. ಆದರೆ ವಾಚಕರು ಕ್ಷಣಕಾಲ ಯೋಚಿಸಿ ನೋಡಬೇಕು. ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ನಮ್ಮಲ್ಲಿ ಎಷ್ಟು ಮಂದಿ ಕೊಟ್ಟೇವು? ಮತ ಯಾವುದೇ ಇರಲಿ, ನಂಬಿಕೆ ಮೊದಲು ನಾಲಗೆಗೆ ಬರುತ್ತದೆ, ಆಮೇಲೆ ಹೃದಯಕ್ಕೆ. ಕೈಗೆ ಬರುವಾಗ ಬಹಳ ತಡವಾಗಿರುತ್ತದೆ.

ಯೋಹಾನನು ಬರೆದ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಇದರ ಮೂಲವಿದೆ. ತನ್ನ ಕಡೆಯ ರಾತ್ರಿಯ ಊಟದ ಹೊತ್ತಿನಲ್ಲಿ ಯೇಸು ಎದ್ದು, ನಡುವಿಗೆ ವಸ್ತ್ರವನ್ನು ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತೆಗೆದುಕೊಂಡು ಶಿಷ್ಯರ ಕಾಲುಗಳನ್ನು ತೊಳೆಯತೊಡಗಿದನು. ಅದು ಆ ಕಾಲದ ಮನೆಗಳಲ್ಲಿ ಆಳಿನ ಕೆಲಸ. ಪೇತ್ರನು ಒಪ್ಪಲಿಲ್ಲ. ಗುರುವಿನ ಮೇಲಣ ಗೌರವವೇ ಅದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗಾದರೋ ಇನ್ನೊಂದು ಕಾರಣವೂ ಕಾಣುತ್ತದೆ. ಗುರುವೇ ನೆಲಕ್ಕೆ ಬಾಗಿದ ಮೇಲೆ ಶಿಷ್ಯನು ನೆಟ್ಟಗೆ ನಿಲ್ಲುವುದಕ್ಕೆ ನೆಪವೇ ಉಳಿಯುವುದಿಲ್ಲ. ಗಮನಿಸಬೇಕಾದ ಮತ್ತೊಂದು ಸಂಗತಿಯುಂಟು: ಗುರುವನ್ನು ಹಿಡಿದುಕೊಡಲಿದ್ದ ಯೂದನು ಆಗ ಇನ್ನೂ ಆ ಮನೆಯಿಂದ ಎದ್ದು ಹೋಗಿರಲಿಲ್ಲ. ತೊಳೆಸಿಕೊಳ್ಳುವವರ ಯೋಗ್ಯತೆಯನ್ನು ತೂಗಿ ನೋಡಿ ಮಾಡಿದ ಸೇವೆಯಲ್ಲ ಅದು.

ಈ ವಿಚಾರ ಕ್ರೈಸ್ತರಿಗೆ ಮಾತ್ರ ಮೀಸಲೆಂದು ಯಾರೂ ತಿಳಿಯಬೇಕಾಗಿಲ್ಲ. 1901ರ ಕಲಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಕಕ್ಕಸುಗಳ ಹೊಲಸನ್ನು ಕಂಡ ಗಾಂಧೀಜಿಯವರು, ಸ್ವಯಂಸೇವಕರು ಅದು ಜಾಡಮಾಲಿಯ ಕೆಲಸವೆಂದಾಗ, ತಾವೇ ಪೊರಕೆ ಹಿಡಿದರು. ನಮ್ಮ ಶರಣರಲ್ಲಿಯೂ ಕಸಗುಡಿಸುವ ಕಾಯಕದ ಸತ್ಯಕ್ಕನಿಗೆ ಗೌರವದ ಸ್ಥಾನವಿದೆ.

ಕಳೆದ ಬೇಸಗೆಯಲ್ಲಿ ನಮ್ಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ ಮಕ್ಕಳ ಶಿಬಿರವೊಂದಕ್ಕೆ ಸೇವೆಗೆಂದು ಹೋಗಿದ್ದ. ಬೈಬಲಿನ ಕಥೆಗಳನ್ನು ಹೇಳಲು ಚಿತ್ರಪಟಗಳನ್ನೂ ಬರೆದುಕೊಂಡಿದ್ದ. ಅವನ ಪಾಲಿಗೆ ಬಂದದ್ದು ತಟ್ಟೆ ತೊಳೆಯುವ ಕೆಲಸ. ಎರಡು ದಿನ ಮುಖ ಊದಿಸಿಕೊಂಡೇ ತೊಳೆದನಂತೆ. ಮೂರನೆಯ ದಿನ, ಮನೆಯ ನೆನಪಿನಿಂದ ಅಳುತ್ತಿದ್ದ ಎಂಟು ವರ್ಷದ ಹುಡುಗನೊಬ್ಬ ಹಾಡಿನ ತರಗತಿಯನ್ನು ಬಿಟ್ಟು ಬಂದು ಅವನ ಪಕ್ಕದಲ್ಲಿ ಕುಳಿತು, ಕೇಳದೆಯೇ ಲೋಟಗಳನ್ನು ತೊಳೆಯತೊಡಗಿದ. “ನಾನು ಸಿದ್ಧಮಾಡಿಕೊಂಡಿದ್ದ ಕಥೆಯನ್ನು ಅವನಿಗೆ ಹೇಳಲೇ ಇಲ್ಲ, ಸಾರ್. ಅವನೇ ತನ್ನ ಮನೆಯ ಕಥೆಯನ್ನೆಲ್ಲ ಹೇಳಿದ, ನಾನು ಕೇಳಿದೆ,” ಎಂದ ನನ್ನ ಶಿಷ್ಯ. ಎತ್ತರದ ಪೀಠದಲ್ಲಿ ಕುಳಿತವನಿಗೆ ಆ ಹುಡುಗ ಆ ಕಥೆಯನ್ನು ಹೇಳುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಮಾತು ಹೇಳಿದಂತಾದೀತು. ಸಾತ್‌ತಾಲ್‌ನ ಜಾಡಮಾಲಿಗೆ ಒಂದು ದಿನ ವಿಶ್ರಾಂತಿ ದೊರೆಯಿತು, ಸರಿ, ಮರುದಿನ? ಪೊರಕೆ ಮತ್ತೆ ಅವನ ಕೈಗೇ ಬಂತು. ಸ್ವಇಚ್ಛೆಯಿಂದ ಹಿಡಿದವನಿಗೆ ಅದನ್ನು ಕೆಳಗಿಡುವ ಸ್ವಾತಂತ್ರ್ಯವುಂಟು. ಹುಟ್ಟಿನಿಂದ ಹಿಡಿದವನಿಗೆ ಅದಿಲ್ಲ. ಆ ಸ್ವಾತಂತ್ರ್ಯವನ್ನು ದೊರಕಿಸಲು ಶಿಬಿರಗಳು ಸಾಲವು, ಕಾನೂನು ಬೇಕು. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ನಿಷೇಧಿಸಿದ ಕೀರ್ತಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರದು. ಇಡೀ ದೇಶಕ್ಕಾಗಿ 1993ರಲ್ಲಿ ಒಂದು ಶಾಸನವೂ 2013ರಲ್ಲಿ ಇನ್ನೂ ಬಲವಾದ ಮತ್ತೊಂದು ಶಾಸನವೂ ಬಂದವು. ಆದರೂ ಮ್ಯಾನ್‌ಹೋಲಿಗೆ ಇಳಿದವರು ಮೇಲೆ ಬಾರದ ಸುದ್ದಿಯನ್ನು ನಾವು ಇಂದಿಗೂ ಪತ್ರಿಕೆಯಲ್ಲಿ ಓದುತ್ತಿದ್ದೇವೆ. ಕೈಯ ಪರಿವರ್ತನೆಯಾಗದೆ ಕಾಗದದ ಪರಿವರ್ತನೆ ಎಷ್ಟು ದೂರ ಹೋದೀತು?

ಆದುದರಿಂದ ಶಿಬಿರದ ಒಂದು ದಿನ ವ್ಯರ್ಥವೆಂದು ನಾನು ಹೇಳಲಾರೆ. ಅದರ ಪರೀಕ್ಷೆ ನಡೆಯುವುದು ಮಾತ್ರ ಮನೆಗೆ ಮರಳಿದ ಮೇಲೆ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬುದು ನಮ್ಮ ಗಾದೆ. ದುಡಿಯುವವನು ಒಬ್ಬ, ಉಣ್ಣುವವನು ಇನ್ನೊಬ್ಬ ಎಂದು ಅದನ್ನು ತಿರುಚಿ ಬಾಳುತ್ತಿರುವವರು ನಾವು. ಶಿಬಿರದಲ್ಲಿ ಹತ್ತು ದಿನ ತಟ್ಟೆ ತೊಳೆದು ಬಂದ ತರುಣನು, ತನ್ನ ಮನೆಯ ಹಿತ್ತಿಲಲ್ಲಿ ಕೆಲಸದಾಕೆಗಾಗಿ ಬೇರೆಯಾಗಿ ಇಟ್ಟಿರುವ ಲೋಟವನ್ನು ಕಂಡೂ ಸುಮ್ಮನಿದ್ದರೆ, ಅವನು ಕಲಿತದ್ದು ಕೈಗೆ ಬಂದಿಲ್ಲವೆಂದೇ ಲೆಕ್ಕ. ಆ ಲೋಟವನ್ನು ಉಳಿದ ಲೋಟಗಳ ಜೊತೆಗೆ ತೊಳೆದು ಒಂದೇ ಸಾಲಿನಲ್ಲಿ ಜೋಡಿಸಿದನೋ, ಅವನನ್ನು ಶಿಬಿರಕ್ಕೆ ಕಳುಹಿಸಿದ ಖರ್ಚು ತಂದೆತಾಯಿಗಳಿಗೆ ನಷ್ಟವಲ್ಲ.